‘ವರ್ಗ’ ಎಂಬ ಮಾತಿನ ಚರಿತ್ರೆ — ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ದಾಖಲೆಗಳನ್ನು ಓದುವವರಿಗಾಗಿ

1

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿಯ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಗ್ರಾಮದ ಸಾಮಾಜಿಕ ಚರಿತ್ರೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆದು ತಂದನು. ಊರಿನ ಹಿರಿಯ ಮನೆತನವೊಂದರಲ್ಲಿ ಉಳಿದಿದ್ದ ಹಳೆಯ ಕಂದಾಯದ ಕಾಗದಗಳನ್ನು ಕೇಳಿ ಪಡೆದು, ಅವುಗಳ ಕೈಬರಹವನ್ನು ಬಿಡಿಸಿ ಓದಿ, ಬಹಳ ಶ್ರಮವಹಿಸಿ ಬರೆದಿದ್ದ ಪ್ರಬಂಧವದು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ನೂರೈವತ್ತು ವರ್ಷಗಳ ಹಿಂದೆ ನಮ್ಮ ಗ್ರಾಮದಲ್ಲಿ ನಲವತ್ತಕ್ಕೂ ಮಿಕ್ಕಿ ವರ್ಗಗಳಿದ್ದವು, ಅಂದಿನ ಸಮಾಜವು ಎಷ್ಟು ಪಂಗಡಗಳಾಗಿ ಒಡೆದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವಾಕ್ಯವನ್ನು ಓದಿ ನಕ್ಕುಬಿಡುವುದು ಸುಲಭ. ದಕ್ಷಿಣ ಕನ್ನಡದ ಕೃಷಿಕರ ಮನೆಯಲ್ಲಿ ಬೆಳೆದವರಿಗೆ ‘ವರ್ಗ’ವೆಂದರೆ ಮೊದಲು ನೆನಪಿಗೆ ಬರುವುದು ಭೂಮಿ. ‘ಅದು ವರ್ಗದ ಜಾಗ, ಇದು ಕುಮ್ಕಿ, ಅದರಾಚೆ ಸರಕಾರದ್ದು’ ಎಂದು ಇಂದಿಗೂ ಹೇಳುವುದುಂಟು. ಆ ವಿದ್ಯಾರ್ಥಿಯು ಕಂಡ ನಲವತ್ತು ವರ್ಗಗಳು ನಲವತ್ತು ಭೂಹಿಡುವಳಿಗಳೇ ಹೊರತು ನಲವತ್ತು ಜನವಿಭಾಗಗಳಲ್ಲ. ಆದರೆ ಅವನ ತಪ್ಪು ಅವನೊಬ್ಬನದೇ ಎಂದು ಹೇಳಲಾಗದು. ಅವನು ಕಾಲೇಜಿನಲ್ಲಿ ಓದಿದ ಸಮಾಜಶಾಸ್ತ್ರದಲ್ಲಿಯೂ ಅರ್ಥಶಾಸ್ತ್ರದಲ್ಲಿಯೂ ‘ವರ್ಗ’ ಎಂಬುದು ಇಂಗ್ಲಿಷಿನ ‘ಕ್ಲಾಸ್’ ಎಂಬ ಮಾತಿನ ಕನ್ನಡ ರೂಪ. ಆ ಇಂಗ್ಲಿಷ್ ಮಾತಿನ ಅರ್ಥವು ಕನ್ನಡದ ಮಾತಿನ ಮೇಲೆ ದಟ್ಟವಾಗಿ ಕವಿದಿರುವುದರಿಂದ ಹಳೆಯ ಅರ್ಥವು ಅವನಿಗೆ ಕಾಣಲಿಲ್ಲ.

ಪ್ರಕೃತ ಲೇಖನದ ಉದ್ದೇಶವು ಈ ಎರಡು ಮಾತುಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪ್ರದೇಶದಲ್ಲಿ ಅವು ಎಲ್ಲೆಲ್ಲಿ ಸಂಧಿಸಿದವು, ಎಲ್ಲೆಲ್ಲಿ ಬೇರೆಯಾಗಿ ಉಳಿದವು ಎಂಬುದನ್ನು ತೋರಿಸುವುದಾಗಿದೆ. ಇದು ಕೇವಲ ಶಬ್ದಕೋಶದ ವಿಚಾರವಲ್ಲ. ಒಂದು ಗ್ರಾಮದಲ್ಲಿ ಯಾರ ಹೆಸರು ಕಾಗದದಲ್ಲಿತ್ತು, ಯಾರದು ಇರಲಿಲ್ಲ ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

2

‘ಕ್ಲಾಸ್’ ಎಂಬುದು ಲ್ಯಾಟಿನ್ನಿನ ‘ಕ್ಲಾಸಿಸ್’ ಎಂಬ ಪದದಿಂದ ಬಂದುದು. ‘ಕರೆ’ ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿತೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ರೋಮಿನ ಪರಂಪರೆಯಂತೆ ಸರ್ವಿಯಸ್ ಟಲ್ಲಿಯಸ್ ಎಂಬ ಅರಸನು ಪ್ರಜೆಗಳನ್ನು ಅವರವರ ಆಸ್ತಿಗೆ ಅನುಸಾರವಾಗಿ ಐದು ‘ಕ್ಲಾಸಿಸ್’ಗಳಲ್ಲಿ ವಿಂಗಡಿಸಿದನು. ಯಾರು ಎಷ್ಟು ಆಯುಧಗಳೊಡನೆ ಯುದ್ಧಕ್ಕೆ ಬರಬೇಕು, ಯಾರ ಮತಕ್ಕೆ ಎಷ್ಟು ಬೆಲೆ ಎಂಬುದೆಲ್ಲ ಈ ಪಟ್ಟಿಯಿಂದ ನಿರ್ಧಾರವಾಗುತ್ತಿತ್ತು. ಈ ಐದರಲ್ಲಿ ಮೊದಲನೆಯದಕ್ಕೆ ಸೇರಿದವರನ್ನು ಮಾತ್ರ ‘ಕ್ಲಾಸಿಕಿ’ ಎಂದು ಕರೆಯುತ್ತಿದ್ದರೆಂದೂ ಉಳಿದವರು ‘ಕ್ಲಾಸಿಸ್’ಗೆ ಕೆಳಗಿನವರೆಂದು ಎಣಿಸಲ್ಪಟ್ಟಿದ್ದರೆಂದೂ ಎರಡನೆಯ ಶತಮಾನದ ಲೇಖಕ ಆಲಸ್ ಗೆಲ್ಲಿಯಸ್ ತಿಳಿಸುತ್ತಾನೆ. ಆಸ್ತಿಯೇ ಇಲ್ಲದವರನ್ನು ಬರಿಯ ತಲೆಯೆಣಿಕೆಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದರು. ನಾವು ಇಂದು ಶ್ರೇಷ್ಠ ಗ್ರಂಥಕ್ಕೆ ‘ಕ್ಲಾಸಿಕ್’ ಎನ್ನುವ ಮಾತಿನ ಮೂಲವು ಆಸ್ತಿವಂತರ ಈ ಪಟ್ಟಿಯಲ್ಲಿಯೇ ಇದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಇಂಗ್ಲಿಷಿನಲ್ಲಿ ಈ ಮಾತು ಮೊದಲು ಪಾಠಶಾಲೆಯ ವಿಭಾಗಕ್ಕೂ ವಸ್ತುಗಳ ವಿಂಗಡಣೆಗೂ ಹೆಚ್ಚಾಗಿ ಬಳಕೆಯಾಯಿತು. 1735ರಲ್ಲಿ ಲಿನೇಯಸನು ಪ್ರಾಣಿ, ಸಸ್ಯಗಳ ತನ್ನ ವಿಂಗಡಣೆಯಲ್ಲಿ ಒಂದು ಮೆಟ್ಟಿಲಿಗೆ ‘ಕ್ಲಾಸಿಸ್’ ಎಂದೇ ಹೆಸರಿಟ್ಟನು. ಜನರ ಅಂತಸ್ತನ್ನು ಹೇಳುವುದಕ್ಕೆ ಅದುವರೆಗೆ ಇಂಗ್ಲೆಂಡಿನಲ್ಲಿ ಪದವಿ, ಶ್ರೇಣಿ ಎಂಬ ಅರ್ಥದ ಬೇರೆ ಮಾತುಗಳಿದ್ದವು. 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಆದಿಯಲ್ಲಿ, ಯಂತ್ರೋದ್ಯಮವು ಬೆಳೆದಂತೆ, ‘ಮಧ್ಯಮ ಕ್ಲಾಸು’, ‘ದುಡಿಯುವ ಕ್ಲಾಸು’ ಎಂಬ ಪ್ರಯೋಗಗಳು ರೂಢಿಗೆ ಬಂದವು. ಹುಟ್ಟಿನಿಂದ ಬರುವ ಪದವಿಗಿಂತ ಸಂಪಾದನೆಯ ಮಾರ್ಗವೇ ಮುಖ್ಯವಾದ ಹೊಸ ಸಮಾಜಕ್ಕೆ ಹೊಸ ಮಾತು ಬೇಕಾಯಿತು. 1848ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಪ್ರಕಟಿಸಿದ ಪ್ರಣಾಳಿಕೆಯು ಆ ಮಾತನ್ನು ಇಡೀ ಮಾನವ ಚರಿತ್ರೆಗೆ ಅನ್ವಯಿಸಿತು. ರೇಮಂಡ್ ವಿಲಿಯಮ್ಸ್ 1976ರಲ್ಲಿ ಪ್ರಕಟಿಸಿದ ‘ಕೀವರ್ಡ್ಸ್’ ಎಂಬ ಗ್ರಂಥದಲ್ಲಿ ಈ ಅರ್ಥಪರಿವರ್ತನೆಯು ವಿಸ್ತಾರವಾಗಿ ನಿರೂಪಿತವಾಗಿದೆ.

ಆ ಮಾತು ನಮ್ಮ ಜಿಲ್ಲೆಗೆ ಬಂದಾಗ ಒಂದೇ ಬಾಗಿಲಿನಿಂದ ಬರಲಿಲ್ಲ. ಶಾಲೆಯಿಂದ ಬಂದಿತು, ರೈಲಿನಿಂದ ಬಂದಿತು, ಕಚೇರಿಯಿಂದಲೂ ಬಂದಿತು. ಮದರಾಸು ಪ್ರಾಂತದ ಪದ್ಧತಿಯಂತೆ ನಮ್ಮಲ್ಲಿ ಐದನೆಯ ಕ್ಲಾಸಿನ ಮೇಲೆ ‘ಫಸ್ಟ್ ಫಾರಂ’ ಮೊದಲ್ಗೊಂಡು ‘ಸಿಕ್ಸ್ತ್ ಫಾರಂ’ವರೆಗೆ ಎಣಿಕೆಯಿತ್ತು. ಹಿರಿಯರು ಈಗಲೂ ‘ಅವನು ಥರ್ಡ್ ಫಾರಂವರೆಗೆ ಓದಿದವನು’ ಎನ್ನುವುದನ್ನು ಕೇಳಬಹುದು. ಮುಂಬಯಿ ಕರ್ನಾಟಕದಲ್ಲಿ ‘ಇಯತ್ತೆ’ಯೂ ಮೈಸೂರಿನಲ್ಲಿ ‘ತರಗತಿ’ಯೂ ಬಳಕೆಯಲ್ಲಿದ್ದವು, 1956ರ ಏಕೀಕರಣದ ತರುವಾಯ ‘ತರಗತಿ’ಯೇ ಸರಕಾರದ ಮಾತಾಯಿತು. ಕಚೇರಿಯ ‘ಕ್ಲಾಸಿ’ಗೆ ಅರಬ್ಬೀ-ಪಾರಸಿ ಮೂಲದ ‘ದರ್ಜೆ’ ಒದಗಿತು. ಪ್ರಥಮ ದರ್ಜೆ ಸಹಾಯಕ, ಪ್ರಥಮ ದರ್ಜೆ ಕಾಲೇಜು, ನಾಲ್ಕನೆಯ ದರ್ಜೆಯ ನೌಕರ ಎಂಬಲ್ಲಿ ಬೇರೆ ಯಾವ ಮಾತೂ ನಿಲ್ಲುವುದಿಲ್ಲ. ರೈಲಿನ ‘ಥರ್ಡ್ ಕ್ಲಾಸು’ ಮಾತ್ರ ಅನುವಾದವಾಗದೆ ಉಳಿದು, ಬೈಗುಳದ ಮಾತೇ ಆಯಿತು. 1917ರಲ್ಲಿ ಗಾಂಧೀಜಿಯವರು ಭಾರತೀಯ ರೈಲುಗಳ ಮೂರನೆಯ ಕ್ಲಾಸಿನ ದುಃಸ್ಥಿತಿಯನ್ನು ಕುರಿತು ಒಂದು ಪುಸ್ತಿಕೆಯನ್ನೇ ಬರೆದರು. ಆ ಕ್ಲಾಸು 1974ರಲ್ಲಿ ರದ್ದಾದರೂ ಬೈಗುಳವು ರದ್ದಾಗಲಿಲ್ಲ. ಹೀಗೆ ಇಂಗ್ಲಿಷಿನ ಒಂದು ಮಾತಿಗೆ ಕನ್ನಡವು ತರಗತಿ, ದರ್ಜೆ, ವರ್ಗ ಎಂದು ಕನಿಷ್ಠಪಕ್ಷ ಮೂರು ಮಾತುಗಳನ್ನು ಹಂಚಿಕೊಟ್ಟಿತು. ಶಾಸ್ತ್ರಗಳಿಗೂ ಸಮಾಜಕ್ಕೂ ‘ವರ್ಗ’ವು ಮೀಸಲಾಯಿತು.

3

ಹಾಗೆ ಮೀಸಲಾದ ಮಾತು ಖಾಲಿಯಾಗಿದ್ದ ಪಾತ್ರೆಯೇನೂ ಆಗಿರಲಿಲ್ಲ. ಸಂಸ್ಕೃತದ ‘ವೃಜ್’ ಧಾತುವಿಗೆ ತಿರುಗಿಸು, ಬೇರ್ಪಡಿಸು ಎಂಬ ಅರ್ಥಗಳಿವೆ. ಅದರಿಂದ ಹುಟ್ಟಿದ ‘ವರ್ಗ’ವೆಂದರೆ ಬೇರೆಯಾಗಿ ತೆಗೆದಿರಿಸಿದ ಗುಂಪು. ಲ್ಯಾಟಿನ್ನಿನ ಮಾತು ಕರೆದು ಕೂಡಿಸಿದುದನ್ನು ಹೇಳಿದರೆ ಸಂಸ್ಕೃತದ ಮಾತು ವಿಂಗಡಿಸಿ ಇಟ್ಟುದನ್ನು ಹೇಳುತ್ತದೆ.

ಕನ್ನಡ ಕಲಿಯುವ ಪ್ರತಿಯೊಂದು ಮಗುವೂ ಈ ಮಾತನ್ನು ಅಕ್ಷರಮಾಲೆಯಲ್ಲಿಯೇ ಎದುರಿಸುತ್ತದೆ. ಕವರ್ಗದಿಂದ ಪವರ್ಗದವರೆಗಿನ ಐದು ಸಾಲುಗಳಲ್ಲಿ ಇಪ್ಪತ್ತೈದು ವರ್ಗೀಯ ವ್ಯಂಜನಗಳಿವೆ, ಉಳಿದವು ಅವರ್ಗೀಯಗಳು. ಅಮರಕೋಶದ ಕಾಂಡಗಳ ಒಳವಿಭಾಗಗಳಿಗೂ ವರ್ಗಗಳೆಂದೇ ಹೆಸರು. ಎರಡನೆಯ ಕಾಂಡದಲ್ಲಿ ಬ್ರಹ್ಮವರ್ಗ, ಕ್ಷತ್ರಿಯವರ್ಗ, ವೈಶ್ಯವರ್ಗ, ಶೂದ್ರವರ್ಗಗಳಿರುವುದರಿಂದ ಈ ಮಾತಿಗೆ ಜನಸಮುದಾಯದ ಅರ್ಥವು ಇಂಗ್ಲಿಷಿನ ಪ್ರಭಾವದಿಂದಲೇ ಬಂದಿತೆನ್ನುವುದು ಸರಿಯಲ್ಲ. ಆದರೆ ಅಮರಸಿಂಹನ ‘ವರ್ಗ’ವು ಅಲ್ಲಿ ಶಬ್ದಗಳ ಗುಂಪನ್ನು ಹೇಳುತ್ತದೆ, ಜನರ ಗುಂಪನ್ನು ಹೇಳುವ ಮಾತು ‘ವರ್ಣ’.

ಗಣಿತದಲ್ಲಿ ಈ ಮಾತಿನ ಅರ್ಥವು ಇನ್ನೊಂದು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ವರ್ಗ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವರ್ಗ, ವರ್ಗಮೂಲಗಳನ್ನು ವಿವರಿಸಿದ್ದಾನೆ. ಈ ವಿಷಯದಲ್ಲಿ ಮೂಡುಬಿದಿರೆಗೆ ವಿಶೇಷವಾದ ಸಂಬಂಧವಿದೆ. ಅಲ್ಲಿಯ ಸಾವಿರ ಕಂಬದ ಬಸದಿಯು 1430ರಲ್ಲಿ ನಿರ್ಮಾಣಗೊಂಡಿತೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟ ತಾಳೆಗರಿಗಳ ಮಹತ್ವವು ಅದಕ್ಕಿಂತ ಕಡಮೆಯದಲ್ಲ. ಪುಷ್ಪದಂತ, ಭೂತಬಲಿಗಳ ‘ಷಟ್ಖಂಡಾಗಮ’ವೂ ಅದಕ್ಕೆ ವೀರಸೇನನು 9ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಧವಲಾ’ ಟೀಕೆಯೂ ಉಳಿದು ಬಂದುದು ಇಲ್ಲಿಯ ಹಳೆಯ ಕನ್ನಡ ಲಿಪಿಯ ಪ್ರತಿಗಳಿಂದ. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು 16 ಸಂಪುಟಗಳಾಗಿ ಪ್ರಕಟವಾಯಿತು.

ಷಟ್ಖಂಡಾಗಮದ ಐದನೆಯ ಖಂಡದ ಹೆಸರು ‘ವರ್ಗಣಾ’. ಪುದ್ಗಲದ ಅಣುಗಳು ಎಷ್ಟೆಷ್ಟು ಸಂಖ್ಯೆಯಲ್ಲಿ ಕೂಡಿವೆಯೆಂಬುದನ್ನು ಅನುಸರಿಸಿ ಅವುಗಳ ಸಮೂಹಗಳನ್ನು 23 ವರ್ಗಣೆಗಳಾಗಿ ಅಲ್ಲಿ ವಿಂಗಡಿಸಲಾಗಿದೆ. ಧವಲಾ ಟೀಕೆಯಲ್ಲಿ ‘ವರ್ಗಿತ-ಸಂವರ್ಗಿತ’ವೆಂಬ ಗಣಿತಕ್ರಮವೂ ಇದೆ. ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯ ಘಾತಕ್ಕೆ ಏರಿಸುವುದು ಈ ಕ್ರಮ. 2ನ್ನು ಹೀಗೆ ಏರಿಸಿದರೆ 4. 4ನ್ನು ಏರಿಸಿದರೆ 256. 256ನ್ನು ಅದೇ ಘಾತಕ್ಕೆ ಏರಿಸಿದರೆ ಬರುವ ಸಂಖ್ಯೆಯನ್ನು ಬರೆಯಲು 617 ಅಂಕೆಗಳು ಬೇಕು. ಆಧುನಿಕ ವಿಜ್ಞಾನದ ‘ಕ್ಲಾಸ್’ ಎಂಬ ಪರಿಭಾಷೆಗೆ ‘ವರ್ಗ’ವನ್ನು ಆರಿಸಿದವರು ಮಾಡಿದ ಆಯ್ಕೆಯು ಎಷ್ಟು ಸಮಂಜಸವಾದುದೆಂಬುದಕ್ಕೆ ಈ ಗರಿಗಳೇ ಸಾಕ್ಷಿ. ಪುಸ್ತಕಗಳ ವರ್ಗೀಕರಣಕ್ಕೆ 1933ರಲ್ಲಿ ಹೊಸ ಪದ್ಧತಿಯನ್ನು ರೂಪಿಸಿದ ಎಸ್. ಆರ್. ರಂಗನಾಥನ್ ಅವರು ಅಧ್ಯಾಪಕ ವೃತ್ತಿಯನ್ನು ಆರಂಭಿಸಿದುದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಉಪನ್ಯಾಸಕರಾಗಿ, ಎಂಬುದನ್ನೂ ಇಲ್ಲಿ ಸ್ಮರಿಸಬಹುದು.

4

ಇನ್ನು ಕಂದಾಯದ ವರ್ಗಕ್ಕೆ ಬರೋಣ. ಇಲ್ಲಿ ವರ್ಗವೆಂದರೆ ಸರಕಾರದ ಲೆಕ್ಕದಲ್ಲಿ ಒಬ್ಬನ ಹೆಸರಿನ ಕೆಳಗೆ ಬರೆದಿರುವ ಭೂಮಿಯ ಮೊತ್ತ. ಅದನ್ನು ಹೊಂದಿದವನು ವರ್ಗದಾರ. ಒಂದು ವರ್ಗದ ಭೂಮಿಯೆಲ್ಲ ಒಂದೇ ಕಡೆ ಇರಬೇಕೆಂಬ ನಿಯಮವಿರಲಿಲ್ಲ. ಮನೆಯ ಕೆಳಗಿನ ಬೈಲು, ಅದರಾಚೆಯ ಮಜಲು, ಇನ್ನೊಂದು ಗ್ರಾಮದ ಬೆಟ್ಟು ಗದ್ದೆ, ಹೊಳೆಯಾಚೆಯ ತೋಟ ಇವೆಲ್ಲ ಕೂಡಿ ಒಂದು ವರ್ಗವಾಗಬಹುದಿತ್ತು. ಅವನ್ನು ಕೂಡಿಸುತ್ತಿದ್ದುದು ಭೂಮಿಯ ಎಲ್ಲೆಕಟ್ಟಲ್ಲ, ತೀರ್ವೆಯ ಲೆಕ್ಕ.

ಈ ಮಾತು ಸಂಸ್ಕೃತದ ‘ವರ್ಗ’ವೇ, ಅಥವಾ ಎಲೆ, ಹಾಳೆ ಎಂಬ ಅರ್ಥದ ಅರಬ್ಬಿಯ ‘ವರಕ್’ ಎಂಬುದು ಕಚೇರಿಯ ಭಾಷೆಯಲ್ಲಿ ಕನ್ನಡದ ರೂಪವನ್ನು ತಾಳಿತೇ ಎಂಬ ಪ್ರಶ್ನೆಯನ್ನು ಎತ್ತಬಹುದು. ಖಾತೆಯ ಒಂದು ಹಾಳೆಯೇ ಹಿಡುವಳಿಯಾಯಿತೆನ್ನುವ ವಿವರಣೆಯು ಅರ್ಥಕ್ಕೆ ಚೆನ್ನಾಗಿ ಹೊಂದುತ್ತದೆ. ಬೇರ್ಪಡಿಸಿದ ಬಾಬು ಎನ್ನುವ ವಿವರಣೆಯೂ ಹೊಂದುತ್ತದೆ. ಮೂಲವು ಯಾವುದೇ ಆಗಿರಲಿ, ಎರಡೂ ಒಂದೇ ತೀರ್ಮಾನಕ್ಕೆ ಕೊಂಡೊಯ್ಯುತ್ತವೆ. ವರ್ಗವೆಂಬುದು ಮೊದಲು ಲೆಕ್ಕಪುಸ್ತಕದ ವಸ್ತು, ಅನಂತರ ನೆಲದ ವಸ್ತು. ‘ಹಣವನ್ನು ಈ ಖಾತೆಯಿಂದ ಆ ಖಾತೆಗೆ ವರ್ಗ ಮಾಡಿದರು’, ‘ಶ್ಯಾನುಭಾಗರಿಗೆ ವರ್ಗವಾಯಿತು’ ಎಂಬ ಪ್ರಯೋಗಗಳಲ್ಲಿಯೂ ಈ ಲೆಕ್ಕದ ಅರ್ಥವೇ ಉಳಿದಿದೆಯೆಂದು ನನ್ನ ಅಭಿಪ್ರಾಯ. ಒಂದು ಬಾಬಿನಿಂದ ಇನ್ನೊಂದು ಬಾಬಿಗೆ ಹೆಸರು ಸರಿಯುವುದೇ ವರ್ಗಾವಣೆ.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೆನರಾದ ಮೊದಲ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಇಲ್ಲಿಯ ಹಳೆಯ ಲೆಕ್ಕಗಳನ್ನು ಪರಿಶೀಲಿಸಿ, 1800ರ ಮೇ 31ರ ತನ್ನ ಪತ್ರದಲ್ಲಿ ಕೆನರಾದ ಭೂಮಿಯು ಬಹುಮಟ್ಟಿಗೆ ಖಾಸಗಿ ಸ್ವತ್ತೆಂದು ರೆವಿನ್ಯೂ ಬೋರ್ಡಿಗೆ ತಿಳಿಸಿದನು. ಅವನ ಮುಂದಿದ್ದ ಲೆಕ್ಕದಲ್ಲಿ ಎರಡು ಅಂಶಗಳಿದ್ದವು. ಕೆಳದಿಯ ಅರಸರ ಕಾಲದ ತೀರ್ವೆಯಾದ ‘ಶಿಸ್ತು’ ಒಂದು. 1763ರ ಅನಂತರ ಹೈದರ್, ಟಿಪ್ಪು ಇವರ ಕಾಲದಲ್ಲಿ ಅದರ ಮೇಲೆ ಕೂಡಿದ ‘ಶಾಮಿಲು’ ಇನ್ನೊಂದು. 1819–20ರ ಹೊತ್ತಿಗೆ ಹಿಂದಿನ ವಸೂಲಿಯ ಸರಾಸರಿಯ ಮೇಲೆ ‘ತರಾವು’ ಎಂಬ ಹೊಸ ತೀರ್ವೆಯು ಗೊತ್ತಾಯಿತು. ಅದನ್ನು ಪೂರ್ತಿಯಾಗಿ ಕೊಡಬಲ್ಲ ವರ್ಗವು ‘ಭರ್ತಿ’, ಕೊಡಲಾರದುದು ‘ಕಂಭರ್ತಿ’. ಹಳೆಯ ಹಿಡುವಳಿಯು ‘ಕದೀಂ ವರ್ಗ’. ಹೊಸದಾಗಿ ಸಾಗುವಳಿಗೆ ಬಂದುದು ‘ಹೊಸಗಮೆ’. ಕದೀಂ ವರ್ಗದ ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ಮೊದಲಾದುವನ್ನು ಪಡೆಯುವ ಸೌಲಭ್ಯವೇ ‘ಕುಮ್ಕಿ’. 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮಿನಲ್ಲಿ ಈ ಸೌಲಭ್ಯವು ಉಳಿದುಬಂದುದರಿಂದ, ಒಂದು ಭೂಮಿಯು ವರ್ಗವೋ ಅಲ್ಲವೋ ಎಂಬ ಪ್ರಶ್ನೆಗೆ ಇಂದಿಗೂ ಹಣದ ಬೆಲೆಯಿದೆ.

19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಮೋಜಣಿಯೂ 20ನೆಯ ಶತಮಾನದ ಆದಿಯಲ್ಲಿ ಜಾರಿಗೆ ಬಂದ ಸೆಟ್ಲ್‌ಮೆಂಟೂ ಭೂಮಿಗೆ ಸರ್ವೆ ನಂಬ್ರಗಳನ್ನು ಕೊಟ್ಟವು. ಮದರಾಸು ಸರಕಾರದ ಸೆಟ್ಲ್‌ಮೆಂಟಿನಲ್ಲಿ ಮಣ್ಣನ್ನು ‘ಕ್ಲಾಸು’ಗಳಾಗಿ ವಿಂಗಡಿಸಿ, ಅದರ ಮೇಲೆ ‘ತರಂ’ ಎಂಬ ಮೆಟ್ಟಿಲನ್ನು ಗೊತ್ತುಮಾಡಿ ತೀರ್ವೆಯನ್ನು ಹಾಕುತ್ತಿದ್ದರು. ಶಾಲೆಯ ‘ತರಗತಿ’ಯಲ್ಲಿರುವುದೂ ಇದೇ ‘ತರ’. ಹೀಗೆ ಒಂದೇ ಕಚೇರಿಯ ಒಂದೇ ಕಡತದಲ್ಲಿ ‘ಕ್ಲಾಸು’ ಮಣ್ಣಿನ ಗುಣವನ್ನೂ ‘ವರ್ಗ’ವು ಹಿಡುವಳಿಯನ್ನೂ ಹೇಳುತ್ತಿದ್ದವು. ಒಂದನ್ನು ಇನ್ನೊಂದರ ಅನುವಾದವೆಂದು ಅಂದಿನ ಯಾವ ಗುಮಾಸ್ತನೂ ಭಾವಿಸಿರಲಾರ.

5

ಹಾಗಾದರೆ ಇಂದು ನಾವು ‘ವರ್ಗ’ವೆನ್ನುವ ಸಾಮಾಜಿಕ ಸಂಬಂಧವು ಅಂದಿನ ಗ್ರಾಮದಲ್ಲಿ ಇರಲಿಲ್ಲವೇ? ಇದ್ದೇ ಇತ್ತು, ಆದರೆ ಅದಕ್ಕೆ ಬೇರೆ ಮಾತುಗಳಿದ್ದವು. ಧಣಿ, ಒಕ್ಕಲು, ಆಳು ಎಂಬ ಮೂರು ಮಾತುಗಳಲ್ಲಿ ಅದು ಅಡಕವಾಗಿತ್ತು. ವರ್ಗದಾರನಿಗೆ ಸರಕಾರದೊಡನೆ ತೀರ್ವೆಯ ಸಂಬಂಧ. ಒಕ್ಕಲಿಗೆ ಧಣಿಯೊಡನೆ ಗೇಣಿಯ ಸಂಬಂಧ. ಮೂಲಗೇಣಿಯವನ ಹಕ್ಕು ಶಾಶ್ವತವಾದುದು. ಚಾಲಗೇಣಿಯವನನ್ನು ವರ್ಷ ಕಳೆದ ಮೇಲೆ ಬಿಡಿಸಬಹುದಿತ್ತು. ಗೇಣಿಯು ಅಕ್ಕಿಮುಡಿಗಳಲ್ಲಿ ಸಲ್ಲುತ್ತಿತ್ತು. 14 ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಅಂದರೆ 42 ಸೇರಿಗೆ ಒಂದು ಮುಡಿ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಯಾವುದು ಕೈಕೊಟ್ಟರೂ ಮುಡಿಯ ಲೆಕ್ಕವು ಉಳಿಯುತ್ತಿತ್ತು. ಇದಕ್ಕೂ ಕೆಳಗೆ, ಗೇಣಿಚೀಟಿಯೂ ಇಲ್ಲದ ಆಳುಗಳಿದ್ದರು. 1843ರ ಐದನೆಯ ಕಾಯಿದೆಯು ಗುಲಾಮಗಿರಿಯನ್ನು ನ್ಯಾಯಾಲಯಗಳು ಮನ್ನಿಸುವುದನ್ನು ನಿಲ್ಲಿಸಿತಾದರೂ ಅವರ ಪಾಲಿಗೆ ನೆಲವು ಬರಲಿಲ್ಲ.

1801ರ ಆದಿಯಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಸಾಗಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸಕಥನವು ನಮ್ಮ ಈ ಪ್ರದೇಶದ ಚರಿತ್ರೆಗೆ ಅತ್ಯಗತ್ಯವಾದ ಆಧಾರ. ಮೂಡುಬಿದಿರೆಯ ಚೌಟರು, ನಂದಾವರ ಮತ್ತು ಬಂಗಾಡಿಯ ಬಂಗರು, ವೇಣೂರಿನ ಅಜಿಲರು ಒಂದು ಕಾಲಕ್ಕೆ ಅರಸರಾಗಿದ್ದವರು. ಕಂಪೆನಿಯ ಆಳಿಕೆಯು ನೆಲೆಗೊಂಡ ಮೇಲೆ, ರಾಜ್ಯವಾಳಿದ ಮನೆತನಕ್ಕೂ ಅದರ ಹಳೆಯ ಪ್ರಜೆಗೂ ಕಚೇರಿಯ ಕಣ್ಣಿನಲ್ಲಿ ಲೆಕ್ಕದ ಭಾಷೆಯು ಒಂದೇ ಆಯಿತು. ಇದು ಒಂದು ದೊಡ್ಡ ಪರಿವರ್ತನೆ. ಆದರೆ ಈ ಸಮಾನತೆಯು ವರ್ಗವಿದ್ದವರ ನಡುವಣ ಸಮಾನತೆ ಮಾತ್ರ.

ಈ ಭೇದವನ್ನು ಮರೆತರೆ 19ನೆಯ ಶತಮಾನದ ಚಳವಳಿಗಳ ಅರ್ಥವು ಕೆಡುತ್ತದೆ. 1830–31ರಲ್ಲಿ ಜಿಲ್ಲೆಯ ರೈತರು ‘ಕೂಟ’ಗಳಾಗಿ ನೆರೆದು ತೀರ್ವೆಯ ಭಾರವನ್ನು ಪ್ರತಿಭಟಿಸಿದರು. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ಹೆಸರಿನ ದಂಡು ಪಾಣೆಮಂಗಳೂರು, ಬಂಟ್ವಾಳಗಳನ್ನು ಹಾದು ಮಂಗಳೂರನ್ನು ಹಿಡಿಯಿತು. ಇಂಥವನ್ನು ‘ವರ್ಗಹೋರಾಟ’ವೆಂದು ಕರೆಯುವ ಆಸೆಯು ಸಹಜ. ಆದರೆ ಕೂಟಗಳು ತೀರ್ವೆಯನ್ನು ಕುರಿತು ನೆರೆದವು. ತೀರ್ವೆಯ ಭಾರವು ನೇರವಾಗಿ ಬೀಳುತ್ತಿದ್ದುದು ವರ್ಗದಾರನ ಮೇಲೆ. ಅದು ವರ್ಗವಿದ್ದವರು ಸರಕಾರದೊಡನೆ ನಡೆಸಿದ ಹೋರಾಟ. ಒಕ್ಕಲು ಧಣಿಯೊಡನೆ ನಡೆಸಿದ ಹೋರಾಟವನ್ನು ನಾವು ಮುಂದಿನ ಶತಮಾನದಲ್ಲಿ ಹುಡುಕಬೇಕು.

1894ನೆಯ ವರ್ಷವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಆ ವರ್ಷ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಅದೇ ವರ್ಷ ಸ್ಟರಾಕ್ ಬರೆದ ದಕ್ಷಿಣ ಕೆನರಾ ಜಿಲ್ಲೆಯ ಕೈಪಿಡಿಯ ಮೊದಲ ಸಂಪುಟವು ಪ್ರಕಟವಾಯಿತು. ವರ್ಗ, ಮೂಲಗೇಣಿ, ಚಾಲಗೇಣಿಗಳ ವಿಚಾರಕ್ಕೆ ಕಂದಾಯದ ಅಧಿಕಾರಿಗಳು ಬಹುಕಾಲ ಅವಲಂಬಿಸಿದ ಗ್ರಂಥವದು. ಅದೇ ವರ್ಷವೇ ಎಂಗೆಲ್ಸನು ಮಾರ್ಕ್ಸನ ‘ಕ್ಯಾಪಿಟಲ್’ ಗ್ರಂಥದ ಮೂರನೆಯ ಸಂಪುಟವನ್ನು ಪ್ರಕಟಿಸಿದನು. ‘ಕ್ಲಾಸುಗಳು’ ಎಂಬ ಅದರ ಕೊನೆಯ ಅಧ್ಯಾಯವು ಒಂದೆರಡು ಪುಟಗಳಿಗೇ ನಿಂತುಹೋಗಿದೆ. ಮೂರು ಗ್ರಂಥಗಳೂ ಒಂದನ್ನೊಂದು ಅರಿಯವು. ಅವುಗಳ ಮಾತುಗಳು ಒಂದೇ ಗ್ರಾಮದಲ್ಲಿ ಸಂಧಿಸುವುದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು.

6

ಆ ಸಂಧಿಯು ಎರಡು ದಾರಿಗಳಿಂದ ಬಂದಿತು. ಒಂದು ರೈತಸಂಘಟನೆಗಳ ಮತ್ತು ಸಮಾಜವಾದದ ದಾರಿ. ಇನ್ನೊಂದು ಸಂವಿಧಾನದ ದಾರಿ. 1951ರ ಮೊದಲನೆಯ ತಿದ್ದುಪಡಿಯು ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ‘ಕ್ಲಾಸು’ಗಳಿಗೆ ವಿಶೇಷ ಏರ್ಪಾಡುಗಳನ್ನು ಮಾಡಲು ಅವಕಾಶವಿತ್ತಿತು. ಕನ್ನಡದಲ್ಲಿ ಅವು ‘ಹಿಂದುಳಿದ ವರ್ಗ’ಗಳಾದವು. ‘ಕ್ಲಾಸ್’ ಎಂದರೆ ಜಾತಿಯೇ, ಜಾತಿಯಲ್ಲದ ಬೇರೇನೋ ಎಂಬ ಪ್ರಶ್ನೆಯು ಮೈಸೂರು ರಾಜ್ಯದ ಆಜ್ಞೆಯಿಂದಲೇ ಹುಟ್ಟಿ ಸುಪ್ರೀಂ ಕೋರ್ಟನ್ನು ಮುಟ್ಟಿತು. 1962ರ ಬಾಲಾಜಿ ಮೊಕದ್ದಮೆಯಲ್ಲಿ ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಅಳತೆಗೋಲಾಗಿ ಹಿಡಿಯಲಾಗದೆಂದು ತೀರ್ಪಾಯಿತು. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿಯನ್ನು ಸಲ್ಲಿಸಿದ ಹಾವನೂರು ಆಯೋಗವು ವಿಚಾರಿಸಿದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು. ಒಂದು ಮಾತಿನ ಅರ್ಥವು ಸಾವಿರಾರು ವಿದ್ಯಾರ್ಥಿಗಳ ಭವಿಷ್ಯವನ್ನು ನಿರ್ಣಯಿಸುವ ವಸ್ತುವಾಯಿತು.

ಅದೇ ಕಾಲಕ್ಕೆ ಭೂಮಿಯ ವರ್ಗವೂ ಬದಲಾಯಿತು. 1961ರಲ್ಲಿ ಅಂಗೀಕೃತವಾಗಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯು ದೇವರಾಜ ಅರಸು ಅವರ ಸರಕಾರದ ಕಾಲದಲ್ಲಿ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಯಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಅರ್ಜಿಯನ್ನು ಕೊಡಬೇಕಾಗಿತ್ತು. ನಮ್ಮ ಜಿಲ್ಲೆಯ ಆಡುಮಾತಿನಲ್ಲಿ ಅದು ‘ಡಿಕ್ಲರೇಶನ್ ಕೊಡುವುದು’. ಅದರ ಕೊನೆಯ ಅವಧಿಯು 1979ರ ಜೂನ್ 30ಕ್ಕೆ ಮುಗಿಯಿತು. ಮುಡಿ ಹೊತ್ತು ಧಣಿಯ ಅಂಗಳಕ್ಕೆ ಹೋಗುತ್ತಿದ್ದ ಮನೆಗಳ ಹೆಸರು ಮೊದಲ ಸಲ ಪಹಣಿಯನ್ನು ಸೇರಿತು. ಗೇಣಿಯೊಂದನ್ನೇ ನಂಬಿದ್ದ ಸಣ್ಣ ವರ್ಗದಾರರ ಮನೆಗಳಲ್ಲಿ, ಅವರಲ್ಲಿಯೂ ವಿಧವೆಯರ ಮನೆಗಳಲ್ಲಿ, ಅದೇ ದಿನವು ಕಷ್ಟದ ಆರಂಭವಾಗಿ ನೆನಪಿನಲ್ಲಿದೆ. ಚರಿತ್ರಕಾರನು ಎರಡನ್ನೂ ದಾಖಲಿಸಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡಬಾರದು. ಆದರೆ ಎರಡರ ತೂಕವು ಒಂದೇ ಎಂದು ಹೇಳಬೇಕಾಗಿಯೂ ಇಲ್ಲ.

ಇನ್ನೂ ಒಂದು ಸಂಗತಿ ಉಳಿದಿದೆ. ಗೇಣಿಯ ಭೂಮಿಯು ಉಳುವವನಿಗೆ ಬಂದಾಗಲೂ ಗೇಣಿಗೆ ಭೂಮಿಯೇ ಇಲ್ಲದಿದ್ದವರಿಗೆ ಡಿಕ್ಲರೇಶನ್ ಕೊಡಲು ಏನೂ ಇರಲಿಲ್ಲ. ಬುಟ್ಟಿ ಹೆಣೆದು ಬಾಳುತ್ತಿದ್ದ ಕೊರಗರು ಇಂಥವರು. ಇಂದು ಸರಕಾರದ ಕನ್ನಡದಲ್ಲಿ ಇವರನ್ನು ಒಳಗೊಂಡ ಸಮುದಾಯಗಳಿಗಾಗಿ ‘ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ’ಯಿದೆ. ಕಂದಾಯದ ಹಾಳೆಯಲ್ಲಿ ವರ್ಗವಿಲ್ಲದೆ ಬಾಳಿದವರು ಕಲ್ಯಾಣದ ಕಡತದಲ್ಲಿ ವರ್ಗವೆನಿಸಿಕೊಂಡರು. ಒಂದು ಕಾಲದಲ್ಲಿ ಇದ್ದವರ ಆಸ್ತಿಯನ್ನು ಹೇಳುತ್ತಿದ್ದ ಮಾತು ಇಂದು ಇಲ್ಲದವರ ಹಕ್ಕನ್ನು ಹೇಳುತ್ತದೆ. ರೋಮಿನಲ್ಲಿ ಆಸ್ತಿವಂತರ ಪಟ್ಟಿಯಾಗಿದ್ದ ‘ಕ್ಲಾಸಿಸ್’ ಯುರೋಪಿನಲ್ಲಿ ಶ್ರಮಿಕರ ಹೆಸರಾದುದನ್ನು ಮೇಲೆ ಕಂಡೆವು. ಎರಡು ಮಾತುಗಳೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಬಗೆಯ ತಿರುವನ್ನು ಕಂಡಿವೆ.

7

ಮೇಲಿನ ವಿಚಾರದಿಂದ ದಾಖಲೆಗಳನ್ನು ಓದುವ ವಿದ್ಯಾರ್ಥಿಗಳಿಗೆ ಮೂರು ಸೂಚನೆಗಳು ದೊರೆಯುತ್ತವೆ. ಮೊದಲನೆಯದು, ‘ವರ್ಗ’ವೆಂಬ ಮಾತು ಕಂಡೊಡನೆ ಅದು ಯಾವ ಬಗೆಯ ಬರಹದಲ್ಲಿದೆಯೆಂದು ನೋಡಬೇಕು. ಕಂದಾಯದ ಲೆಕ್ಕವೋ, ಶಾಸ್ತ್ರದ ಟೀಕೆಯೋ, ಸರಕಾರದ ಆಜ್ಞೆಯೋ, ರೈತರ ಮನವಿಯೋ ಎಂಬುದು ತಿಳಿಯದೆ ಅರ್ಥವು ತಿಳಿಯದು. ಎರಡನೆಯದು, ಅದರ ಕಾಲವನ್ನು ನೋಡಬೇಕು. ನಮ್ಮ ಕಾಲದ ಅರ್ಥವನ್ನು ಹಿಂದಿನವರ ಬಾಯಲ್ಲಿ ಇಡಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪಟ್ಟಿಯಲ್ಲಿ ಎಷ್ಟು ವರ್ಗಗಳಿವೆಯೆಂದು ಎಣಿಸಿದ ಮೇಲೆ, ಆ ಪಟ್ಟಿಯಲ್ಲಿ ಯಾರು ಇಲ್ಲವೆಂದು ಕೇಳಬೇಕು.

ಆ ವಿದ್ಯಾರ್ಥಿಗೆ ನಾನು ಕೇಳಿದುದು ಈ ಮೂರನೆಯ ಪ್ರಶ್ನೆಯನ್ನೇ. ‘ಈ ನಲವತ್ತರಲ್ಲಿ ನಿಮ್ಮ ಮನೆಯ ಹೆಸರು ಎಲ್ಲಿದೆ?’ ಅವನು ಕಾಗದಗಳನ್ನು ಇನ್ನೊಮ್ಮೆ ತಿರುವಿ ನೋಡಿದನು. ಮರುವಾರ ಬಂದು, ‘ಇಲ್ಲ ಸರ್. ಅಜ್ಜನನ್ನು ಕೇಳಿದೆ. ನಾವು ಆ ಮನೆಯ ಒಕ್ಕಲಂತೆ. ಎಪ್ಪತ್ತನಾಲ್ಕರ ನಂತರ ನಮಗೆ ಜಾಗ ಆದದ್ದಂತೆ’ ಎಂದನು. ಪ್ರಬಂಧವನ್ನು ತಿದ್ದಿ ಬರೆದಾಗ ಅವನು ಆ ತಪ್ಪು ವಾಕ್ಯವನ್ನು ತೆಗೆದುಹಾಕಿ, ನಲವತ್ತು ವರ್ಗದಾರರ ಭೂಮಿಯನ್ನು ಉತ್ತವರ ಮನೆಗಳನ್ನು ಹಿರಿಯರಿಂದ ಕೇಳಿ ಪಟ್ಟಿಮಾಡಿದನು. ಮೊದಲಿನ ಪಟ್ಟಿಗಿಂತ ಅದು ಬಹಳ ಉದ್ದವಾಗಿತ್ತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಗೇಣಿಚೀಟಿಗಳು, ತೀರ್ವೆಯ ರಶೀದಿಗಳು, ನ್ಯಾಯಮಂಡಳಿಯ ನೋಟೀಸುಗಳು ಇನ್ನೂ ಉಳಿದಿವೆ. ಬಸದಿಯ ತಾಳೆಗರಿಗಳನ್ನು ಕಾಪಾಡಿದ ಶ್ರದ್ಧೆಯು ಇವುಗಳ ಮೇಲೆ ಯಾರಿಗೂ ಇಲ್ಲ. ಗೆದ್ದಲು ಹಿಡಿಯುವುದಕ್ಕೆ ಮೊದಲು ಅವುಗಳ ನಕಲನ್ನು ಮಾಡಿಟ್ಟುಕೊಳ್ಳುವುದೂ, ಚೀಟಿಯೂ ಇಲ್ಲದಿದ್ದವರ ನೆನಪುಗಳನ್ನು ಬರೆದುಕೊಳ್ಳುವುದೂ ಈ ಭಾಗದ ಕಾಲೇಜುಗಳ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ. ಅದಕ್ಕೆ ದೊಡ್ಡ ಧನಸಹಾಯವು ಬೇಡ. ರಜೆಯ ದಿನಗಳು ಸಾಕು.